ಜೇನುಪೆಟ್ಟಿಗೆಗಳ ಕೆಳಗೆ ಸ್ಪ್ರಿಂಗಕ್ಕ

ಬೆಳಗಿನ ಐದೂಮುಕ್ಕಾಲು. ಶೆಡ್ಡಿನ ನಡುವೆ ತೋಡಿದ ಗುಂಡಿಯ ಮೇಲೆ ಬಿಳಿ ಪಿಕಪ್ ಗಾಡಿಯೊಂದು ನಿಂತಿದೆ. ಅದರ ಹಿಂಭಾಗದಲ್ಲಿ ಮೂವತ್ತಾರು ಮರದ ಪೆಟ್ಟಿಗೆಗಳು, ಪೆಟ್ಟಿಗೆಗಳ ತುಂಬ ಜೇನುನೊಣಗಳು. ಗುಂಡಿಯೊಳಗೆ, ಆ ಅಷ್ಟೂ ನೊಣಗಳ ನೇರ ಕೆಳಗೆ, ಐವತ್ತಾರು ವರ್ಷದ ಹೆಂಗಸೊಬ್ಬರು ತಲೆಗೆ ಹಳೇ ಟವೆಲು ಸುತ್ತಿಕೊಂಡು, ಕೈಯಲ್ಲಿ ಸ್ಪಾನರ್ ಹಿಡಿದು ನಿಂತಿದ್ದಾರೆ. ಅವರ ಯಜಮಾನರು ಮಾತ್ರ ರಸ್ತೆಯ ಆಚೆ ಬದಿಯಲ್ಲಿ, ಓಡಲು ಅನುಕೂಲವಾದ ಜಾಗದಲ್ಲಿ ನಿಂತಿದ್ದಾರೆ.

"ರೀ, ಟಾರ್ಚು!"

"ಅಲ್ಲೇ ಬೆಂಚಿನ ಮೇಲಿದೆ ನೋಡೇ."

"ಎಲ್ಲಿದೆ ಅಂತ ಕೇಳಲಿಲ್ಲ. ತಂದುಕೊಡಿ ಅಂದೆ."

"ನಾನಿಲ್ಲಿ ಬೇರೆ ಗಾಡಿ ಬರುತ್ತಾ ಅಂತ ನೋಡ್ತಿದ್ದೀನಿ."

ಯಾವ ಗಾಡಿಯೂ ಬರುತ್ತಿಲ್ಲ. ಕೊನೆಗೆ ಟಾರ್ಚು ತಂದುಕೊಡುವವರು ಗಾಡಿಯ ಮಾಲೀಕರಾದ ಜೇನು ಸಾಕಣೆದಾರರು. ಮೂರು ದಿನದಿಂದ ಇಲ್ಲಿಗೆ ಅಲೆದೂ ಅಲೆದೂ ಅವರಿಗೆ ಈ ಶೆಡ್ಡಿನಲ್ಲಿ ಜೇನಣ್ಣ ಎಂಬ ಹೆಸರು ಅಂಟಿಕೊಂಡಿದೆ. ಗುಂಡಿಯೊಳಗಿನ ಹೆಂಗಸಿಗೆ ಗಾಡಿ ಓಡಿಸುವವರೆಲ್ಲ ಸೇರಿ ಇಟ್ಟ ಹೆಸರು ಸ್ಪ್ರಿಂಗಕ್ಕ.

ಸ್ಪ್ರಿಂಗಕ್ಕನ ಕಸುಬು ಎತ್ತರಿಸಿದ ಪಿಕಪ್ಪುಗಳ ಕುಲುಕಾಟ ಬಿಡಿಸುವುದು. ಕಲ್ಲುದಾರಿಯಲ್ಲಿ ಗಾಡಿಯ ಹೊಟ್ಟೆ ತಗುಲುತ್ತದೆ ಎಂದು ಕೆಲವರು, ನೋಡಲು ಗತ್ತಾಗಿರಲಿ ಎಂದು ಹಲವರು, ಸ್ಪ್ರಿಂಗಿಗೆ ಅದೂ ಇದೂ ಸೇರಿಸಿ ಗಾಡಿಯನ್ನು ಮೂರು ನಾಲ್ಕು ಇಂಚು ಮೇಲೆತ್ತಿಸುತ್ತಾರೆ. ಎತ್ತಿಸಿದ ದಿನ ಸಂಭ್ರಮವೋ ಸಂಭ್ರಮ, ಗಾಡಿಯ ಪಕ್ಕ ನಿಂತು ಫೋಟೋ ಬೇರೆ. ಮಾರನೇ ದಿನದಿಂದ ಶುರುವಾಗುತ್ತದೆ ನೋಡಿ ರಗಳೆ. ಸಣ್ಣ ಗುಂಡಿ ಸಿಕ್ಕರೂ ಗಾಡಿ ಒದೆಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಹೆಂಡತಿ ಜಪ್ಪಯ್ಯ ಅಂದರೂ ಹತ್ತುವುದಿಲ್ಲ. ಎತ್ತಿಕೊಟ್ಟವರನ್ನು ಕೇಳಿದರೆ "ಎತ್ತಿದ ಗಾಡಿ ಅಂದ್ಮೇಲೆ ಹಾಗೇ ಸರ್, ಅಭ್ಯಾಸ ಆಗುತ್ತೆ" ಎಂದು ಕೈ ತೊಳೆದುಕೊಳ್ಳುತ್ತಾರೆ. ಎಲ್ಲ ಬಾಗಿಲೂ ತಟ್ಟಿ ಸುಸ್ತಾದ ಮೇಲೆ ನೆನಪಾಗುವುದು ಸ್ಪ್ರಿಂಗಕ್ಕನ ಶೆಡ್ಡು.

ಜೇನಣ್ಣನೂ ಹಾಗೇ ಬಂದವರು. ಅವರು ಗಾಡಿ ಎತ್ತಿಸಿದ್ದು ಗತ್ತಿಗಲ್ಲ. ಹೂವಿನ ಹೊಲಕ್ಕೆ ಹೋಗುವ ದಾರಿಯಲ್ಲಿ ಬತ್ತಿದ ಹಳ್ಳವೊಂದಿದೆ, ಅದರ ತುಂಬ ಬುರುಡೆಗಾತ್ರದ ಕಲ್ಲುಗಳು. ಕೆಳಗಿದ್ದ ಗಾಡಿಯ ಹೊಟ್ಟೆ ಪ್ರತಿಸಲವೂ ಅಲ್ಲಿ ಉಜ್ಜುತ್ತಿತ್ತು. ಎತ್ತಿಸಿದ ಮೇಲೆ ಹೊಟ್ಟೆ ಉಳಿಯಿತು, ಜೇನು ಹೋಯಿತು. ಹೋದ ತಿಂಗಳು ಇಪ್ಪತ್ತು ಪೆಟ್ಟಿಗೆ ಸಾಗಿಸಿದಾಗ ಹನ್ನೊಂದರಲ್ಲಿ ಮೇಣದ ಎರಿಗಳು ಕಳಚಿ ಬಿದ್ದವು, ನಾಲ್ಕರಲ್ಲಿ ರಾಣಿನೊಣವೇ ಜಜ್ಜಿಹೋಗಿತ್ತು.

"ಮುಚ್ಚಳ ತೆಗೆದು ನೋಡಿದ್ರೆ ಒಳಗೆ ಎಲ್ಲಾ ಕಲಸಿಹೋಗಿತ್ತು ಅಕ್ಕ. ಅಲ್ಲೇ ಕೂತು ಅತ್ತುಬಿಟ್ಟೆ, ನಾಚಿಕೆ ಬಿಟ್ಟು ಹೇಳ್ತಿದ್ದೀನಿ," ಎನ್ನುತ್ತಾರೆ ಅವರು. ಈಗ ಹಳ್ಳದಾಚೆ ಸೂರ್ಯಕಾಂತಿ ಅರಳಿದೆ. ಇನ್ನು ಎರಡೇ ವಾರ ಆ ಹೂವು. ಉಳಿದ ಮೂವತ್ತಾರು ಪೆಟ್ಟಿಗೆ ಅಷ್ಟರಲ್ಲಿ ಅಲ್ಲಿಗೆ ತಲುಪದಿದ್ದರೆ ನೊಣಗಳಿಗೆ ಮೇವಿಲ್ಲ. ಹೋದ ತಿಂಗಳಿನಂತೆ ತಲುಪಿದರೆ ನೊಣಗಳೇ ಇಲ್ಲ. ಇನ್ನೊಂದು ಏಟು ತಡೆಯುವ ಶಕ್ತಿ ತಮಗಿಲ್ಲವೆಂದು ಅವರು ಮೊದಲ ದಿನವೇ ಹೇಳಿದ್ದಾರೆ.

ಮೊದಲ ದಿನ ಸ್ಪ್ರಿಂಗಕ್ಕ ಯಾವ ಬೋಲ್ಟನ್ನೂ ಮುಟ್ಟಲಿಲ್ಲ. ಯಜಮಾನರ ಕೈಗೆ ಸ್ಟೀರಿಂಗ್ ಕೊಟ್ಟು, ತಾವು ಹಿಂದಿನ ತೊಟ್ಟಿಯಲ್ಲಿ ಗಾಲಿಗಳ ನೇರಕ್ಕೆ ಮಣೆ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ ನಾಲ್ಕು ಸುತ್ತು ಹೊಡೆದು ಬಂದರು. ಅವರ ಪರೀಕ್ಷೆ ಯಾವತ್ತೂ ಹೀಗೇ. ಸುತ್ತಿಗೆ ಸದ್ದಿಗೆ ಬಲಗಿವಿ ಪೂರ್ತಿ ಮಂದವಾಗಿದೆ, ಎಡಗಿವಿ ಅರ್ಧ. "ಕಿವಿ ಕೇಳದಿದ್ರೆ ಏನೀಗ? ನನಗೆ ಸೊಂಟ ಕೇಳಿಸುತ್ತೆ," ಎಂದು ನಗುತ್ತಾರೆ. ಆ ಸೊಂಟ ಹೇಳಿದ ಮೊದಲ ಮಾತು, ಟೈರಿನಲ್ಲಿ ಗಾಳಿ ವಿಪರೀತ. ಹೊಸ ದೊಡ್ಡ ಟೈರು ಹಾಕಿದವರು ಅದರ ಪಕ್ಕದಲ್ಲಿ ಬರೆದಿದ್ದ ಅಂಕಿ ನೋಡಿ ಅಷ್ಟೂ ತುಂಬಿಬಿಟ್ಟಿದ್ದರು. "ಅದು ಇದಕ್ಕಿಂತ ಜಾಸ್ತಿ ಹಾಕಬೇಡಿ ಅಂತ ಬರೆದಿರೋದು ಕಣಪ್ಪಾ. ಇಷ್ಟು ಹಾಕಿ ಅಂತ ಅಲ್ಲ."

ಎರಡನೇ ದಿನ ಸಿಕ್ಕಿಬಿದ್ದದ್ದು ಹಿಂದಿನ ಶಾಕ್ ಅಬ್ಸಾರ್ಬರ್. ಗಾಡಿ ಮೂರಿಂಚು ಮೇಲೆ ಹೋಗಿದೆ, ಶಾಕ್ ಮಾತ್ರ ಹಳೇ ಉದ್ದದ್ದೇ. ಮೋಟು ಹಗ್ಗ ಕಟ್ಟಿದ ಕೊಡ ಬಾವಿಯಲ್ಲಿ ಅರ್ಧಕ್ಕೇ ಜಗ್ಗಿ ನಿಲ್ಲುವಂತೆ, ಗಾಲಿ ತಗ್ಗಿಗೆ ಇಳಿದಾಗಲೆಲ್ಲ ಅದು ಕೊನೆಮುಟ್ಟಿ ಫಟ್ ಎಂದು ಹೊಡೆಯುತ್ತಿತ್ತು. ಉದ್ದದ ಶಾಕ್ ಹಾಕಿದ್ದಾಯಿತು. ಒದೆತ ಅರ್ಧಕ್ಕರ್ಧ ಕಡಿಮೆಯಾಯಿತು. ಕೆಲಸ ಮುಗಿಯಿತೆಂದು ಜೇನಣ್ಣ ಕೈಮುಗಿದು ಹೊರಟರೆ ಸ್ಪ್ರಿಂಗಕ್ಕ ಒಪ್ಪಿದರೆ ತಾನೆ!

"ಇನ್ನೂ ಬಿಗುಮಾನ ಬಿಟ್ಟಿಲ್ಲ ಇದು. ನಾಳೆ ಬೆಳಿಗ್ಗೆ ಜೇನು ಹೇರಿಕೊಂಡೇ ಬಾ."

"ಜೇನಾ? ಇಲ್ಲಿಗಾ? ಮರಳಿನ ಚೀಲ ಹಾಕಿದ್ರೆ ಆಗಲ್ವಾ ಅಕ್ಕ, ಅಷ್ಟೇ ತೂಕ ಮಾಡಿ?"

"ಭಾರಕ್ಕೆ ಮರಳಾದ್ರೂ ಆಗುತ್ತೆ. ಆದ್ರೆ ಸರಿಯಾಗಿದೆಯೋ ಇಲ್ವೋ ಅಂತ ಮರಳು ಬಾಯಿಬಿಟ್ಟು ಹೇಳಲ್ಲ. ನಿನ್ನ ನೊಣಗಳು ಹೇಳ್ತವೆ."

ಹೀಗೆ ಭಾರ ಹೇರಿಸಿಕೊಂಡು ಬೋಲ್ಟು ಬಿಗಿಯುವ ಪದ್ಧತಿಯ ಹಿಂದೆ ಒಂದು ತಪ್ಪು ಇದೆ. ಮಾಡಿದವರು ಬೇರೆ ಯಾರೂ ಅಲ್ಲ, ಸ್ಪ್ರಿಂಗಕ್ಕನೇ. ಇಪ್ಪತ್ತೆಂಟು ವರ್ಷದ ಹಿಂದೆ, ಕೆಲಸ ಕಲಿತ ಹೊಸದರಲ್ಲಿ, ಮನೆಯದೇ ಪಿಕಪ್ಪನ್ನು ಜಾಕಿನ ಮೇಲೆತ್ತಿ, ಗಾಲಿಗಳು ಗಾಳಿಯಲ್ಲಿ ನೇತಾಡುತ್ತಿದ್ದಾಗಲೇ ಎಲ್ಲ ಬೋಲ್ಟೂ ಗಟ್ಟಿಯಾಗಿ ಬಿಗಿದುಬಿಟ್ಟರು. ಗಾಡಿ ಚೆನ್ನಾಗಿಯೇ ಕಂಡಿತು. ಹತ್ತಿ ಕೂತ ಅತ್ತೆ ಮಾತ್ರ ಮುಖ ಸಿಂಡರಿಸಿ "ಇದು ಒದೀತಿದೆ" ಅಂದರು. ಸೊಸೆಯ ಕೆಲಸ ಅಂದರೆ ಅತ್ತೆಗೆ ಅಷ್ಟಕ್ಕಷ್ಟೇ ಎಂದು ಯಾರೂ ಕ್ಯಾರೇ ಅನ್ನಲಿಲ್ಲ. ಸೊಸೆಯಂತೂ ಎರಡು ವಾರ ಅತ್ತೆಯೊಂದಿಗೆ ಮಾತು ಬಿಟ್ಟರು.

"ಒಂದಿನ ನಾನು ಗುಂಡಿಯೊಳಗೆ ಇಳಿದಿದ್ದೆ. ಅತ್ತೆ ಹಿಂದೆ ಹತ್ತಿ ಕೂತ್ಕೊಂಡು, ಇದನ್ನ ಸರಿಮಾಡೋವರೆಗೂ ಇಳಿಯಲ್ಲ ಅಂತ ಪಟ್ಟು ಹಿಡಿದ್ರು. ಸಿಟ್ಟಲ್ಲಿ ಒಂದು ಬೋಲ್ಟ್ ಸಡಿಲ ಮಾಡಿದೆ. ಟಕ್ ಅಂತು. ಇಡೀ ಗಾಡಿ ಉಸ್ಸಪ್ಪಾ ಅಂತ ಒಂದು ಬೆರಳಗಲ ಕೆಳಗೆ ಕೂತ್ಕೊಳ್ತು. ಮೇಲಿಂದ ಅತ್ತೆ, 'ಈಗ ನೆಟ್ಟಗೆ ಕೂತಿತು ನೋಡು' ಅಂದ್ರು. ನನಗೆ ಅಳುನೂ ಬಂತು, ನಗುನೂ ಬಂತು."

ಬೋಲ್ಟಿನ ಸುತ್ತ ಬುಷ್ ಎಂಬ ರಬ್ಬರಿನ ತುಂಡಿರುತ್ತದೆ. ಬಿಗಿಯುವಾಗ ಗಾಲಿ ಯಾವ ಮಟ್ಟದಲ್ಲಿತ್ತೋ ಅದೇ ತನ್ನ ಜಾಗವೆಂದು ಆ ರಬ್ಬರು ಹಟ ಹಿಡಿಯುತ್ತದೆ. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ, ನೆಲಕ್ಕಿಳಿದು ಭಾರ ಹೊತ್ತಾಗಲೂ ಮುರುಚಿಕೊಂಡೇ ಇರುತ್ತದೆ, ಗಾಡಿಯನ್ನು ಮೆತ್ತಗೆ ಓಡಲು ಬಿಡುವುದಿಲ್ಲ. ಅಂದಿನಿಂದ ಸ್ಪ್ರಿಂಗಕ್ಕ ದಿನವೂ ಹೊರುವ ಭಾರ ಹೊರಿಸಿ ನಿಲ್ಲಿಸದೆ ಯಾವ ಗಾಡಿಯ ಬೋಲ್ಟನ್ನೂ ಕೊನೆಯ ಸುತ್ತು ಬಿಗಿದಿಲ್ಲ. ಐದು ಜನರ ಮನೆಯ ಗಾಡಿಯಾದರೆ ಐದೂ ಜನ ಬಂದು ಕೂರಬೇಕು. ಗಂಡ ಹೆಂಡತಿ ಜಗಳವಾಡಿ ಬಂದು ಮುಖ ತಿರುಗಿಸಿ ಕೂತ ದಿನಗಳೂ ಉಂಟು, ಗುಂಡಿಯೊಳಗಿನಿಂದ ರಾಜಿ ಮಾಡಿಸಿ ಕಳಿಸಿದ್ದೂ ಉಂಟು. ಅತ್ತೆ ಈಗಿಲ್ಲ. ಅವರು ಕೂತಿದ್ದ ಮಣೆಯೇ ಇವತ್ತಿಗೂ ಪರೀಕ್ಷೆಯ ಮಣೆ.

ವಾರಕ್ಕೆ ಎಂಟೋ ಒಂಬತ್ತೋ ಗಾಡಿ, ಒಂದೊಂದಕ್ಕೂ ಹದಿನಾಲ್ಕು ಬೋಲ್ಟು. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಗುಂಡಿ ಹತ್ತಿ ಇಳಿದು ಮಂಡಿ ಸವೆದಿದೆ. ಇಷ್ಟಾಗಿಯೂ ಹೊಸಬರು ಬಂದರೆ ಇವರನ್ನೇ ಕೇಳುವುದು, "ಮೇಸ್ತ್ರಿ ಎಲ್ಲಿ?" ಎಂದು. "ಮೊದಮೊದಲು ಉರಿದುಹೋಗ್ತಿತ್ತು. ಈಗ, ಟೀ ಕುಡಿಯೋಕೆ ಹೋಗಿದ್ದಾರೆ ಕೂತ್ಕೊಳ್ಳಿ ಅಂತೀನಿ. ನಾನೇ ಹೋಗಿ ಟೀ ಕುಡಿದು ಬರ್ತೀನಿ," ಎನ್ನುತ್ತಾರೆ ಅಕ್ಕ. ಇದನ್ನು ಹೇಳುವಾಗ ಅವರ ಕಣ್ಣಲ್ಲಿ ತುಂಟತನ ಕುಣಿಯುತ್ತದೆ.

ಇಂದು ಹದಿನಾಲ್ಕೂ ಬೋಲ್ಟು ಸಡಿಲವಾಗುತ್ತಿವೆ. ಒಂದು, ಎರಡು, ಮೂರು. ಏಳನೆಯದಕ್ಕೆ ಟಕ್! ಗಾಡಿ ಹಿಂದಿನಿಂದ ಮೆಲ್ಲಗೆ ತಗ್ಗುತ್ತದೆ. ಪೆಟ್ಟಿಗೆಗಳೊಳಗೆ ಗುಂಯ್ ಎಂದು ಒಮ್ಮೆಲೇ ಸದ್ದೇಳುತ್ತದೆ. ರಸ್ತೆಯಾಚೆಯ ಯಜಮಾನರು ಇನ್ನೂ ನಾಲ್ಕು ಹೆಜ್ಜೆ ದೂರ ಸರಿಯುತ್ತಾರೆ. ಜೇನಣ್ಣನ ಮುಖ ಬಿಳಿಚಿಕೊಂಡಿದೆ. ಅಕ್ಕ ಮಾತ್ರ ಕೆಳಗಿನಿಂದ, "ಕೂತಿತು ನೋಡು!" ಎಂದು ಕೂಗಿ, ನೊಣಗಳು ಸುಮ್ಮನಾಗುವವರೆಗೂ ಕಾದು, ಎಲ್ಲವನ್ನೂ ಒಂದೊಂದಾಗಿ ಬಿಗಿಯುತ್ತಾರೆ. ಮೇಲೆ ಬಂದಾಗ ಅವರ ಎಡಗೈಗೆ ಒಂದೇ ಒಂದು ಕಡಿತ. "ಒಬ್ಬಳು ಬಂದು ಕೆಲಸ ಹೇಗಾಗ್ತಿದೆ ಅಂತ ನೋಡ್ಕೊಂಡು ಹೋದ್ಳು," ಎನ್ನುತ್ತಾರೆ.

ಶೆಡ್ಡಿನ ಮುಂದಿನ ರಸ್ತೆಯಲ್ಲಿ ಸಾಲಾಗಿ ಐದು ಹಂಪುಗಳಿವೆ. ಜೇನಣ್ಣ ಗಾಡಿ ಓಡಿಸುತ್ತಾರೆ. ಅಕ್ಕ ಹಿಂದೆ ಮಣೆಯ ಮೇಲೆ ಕೂತು, ಅಂಗೈಯನ್ನು ಒಂದು ಪೆಟ್ಟಿಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಾರೆ. ಕುಲುಕಿದರೆ ನೊಣ ಮುನಿಯುತ್ತದೆ, ಮುನಿದರೆ ಹಲಗೆ ನಡುಗುತ್ತದೆ. ಮೊದಲ ಹಂಪು ದಾಟುತ್ತದೆ. ಎರಡನೆಯದು. ಐದೂ ದಾಟಿದರೂ ಹಲಗೆಯೊಳಗಿನ ಗುನುಗು ಏರುವುದಿಲ್ಲ, ಇಳಿಯುವುದಿಲ್ಲ. ಕೆಳಗಿಳಿದ ಅಕ್ಕ ಜೇನಣ್ಣನ ಕಿಟಕಿಯ ಬಳಿ ಬಂದು, "ಹೊರಡು, ಬಿಸಿಲೇರುತ್ತೆ" ಎನ್ನುತ್ತಾರೆ.

"ನೀವೂ ಬನ್ನಿ ಅಕ್ಕ. ಹಳ್ಳ ದಾಟೋವರೆಗೂ ನನಗೆ ಧೈರ್ಯ ಇಲ್ಲ. ಮುಂದೆ ಕೂತ್ಕೊಳ್ಳಿ."

ಮುಂದೆ! ಸ್ಪ್ರಿಂಗಕ್ಕ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಎಷ್ಟು ವರ್ಷವಾಯಿತೋ ಅವರಿಗೇ ನೆನಪಿಲ್ಲ. ಆಸೆ ಏನಾದರೂ ಇದೆಯಾ ಎಂದು ಯಾರಾದರೂ ಕೇಳಿದರೆ ಅವರು ಕೊಡುವ ಉತ್ತರ ಒಂದೇ. "ಓಡ್ತಿರೋ ಗಾಡಿಯಲ್ಲಿ ಒಂದು ಸಲ ಕಣ್ತುಂಬ ನಿದ್ದೆ ಮಾಡ್ಬೇಕು. ಎಲ್ಲರೂ ಬಸ್ಸಲ್ಲಿ ಗೊರಕೆ ಹೊಡೀತಾರೆ. ನನಗೆ ಎಲ್ಲಿ ಕೂತ್ರೂ ಯಾವುದೋ ಬುಷ್ ಹೋಗಿರೋದು ಗೊತ್ತಾಗುತ್ತೆ. ಮಗಳ ಮದುವೆಗೆ ಹೋಗುವಾಗ್ಲೂ ಆ ಬಸ್ಸಿನ ಎಡಗಡೆ ಸ್ಪ್ರಿಂಗಿನದೇ ಚಿಂತೆ." ಯಜಮಾನರು ಪಕ್ಕದಿಂದ ಸೇರಿಸುತ್ತಾರೆ, "ಮಗಳಿಗಿಂತ ಆ ಸ್ಪ್ರಿಂಗ್ ನೆನೆಸ್ಕೊಂಡೇ ಜಾಸ್ತಿ ಅತ್ಲು."

ಗಾಡಿ ಹೊರಡುತ್ತದೆ. ಯಜಮಾನರು ನೊಣಗಳಿಂದ ಮರ್ಯಾದೆಯ ದೂರ ಇಟ್ಟುಕೊಂಡು ಸ್ಕೂಟರಿನಲ್ಲಿ ಹಿಂದೆ ಬರುತ್ತಾರೆ. ಹಳ್ಳ ಬರುತ್ತದೆ. ಜೇನಣ್ಣ ಉಸಿರು ಬಿಗಿಹಿಡಿದು, ಮೊದಲ ಗೇರಿನಲ್ಲಿ, ಕಲ್ಲಿನ ಮೇಲೆ ಕಲ್ಲು ದಾಟಿಸುತ್ತಾರೆ. ಗಾಲಿಗಳು ಏರುತ್ತವೆ, ಇಳಿಯುತ್ತವೆ, ಗಾಡಿ ತೂಗುತ್ತದೆಯೇ ಹೊರತು ಒದೆಯುವುದಿಲ್ಲ. ಆಚೆ ದಡ ಹತ್ತಿದರೆ ಕಣ್ಣು ಹಾಯುವಷ್ಟು ದೂರ ಹಳದಿ ಹೂವು.

ಪೆಟ್ಟಿಗೆಗಳನ್ನು ಇಳಿಸಿ, ಬಾಗಿಲ ಜಾಲರಿ ತೆಗೆದು, ಅರ್ಧ ಗಂಟೆ ಸುಮ್ಮನೆ ಬಿಟ್ಟು, ಜೇನಣ್ಣ ಒಂದೊಂದೇ ಮುಚ್ಚಳ ಎತ್ತುತ್ತಾರೆ. ಮೊದಲನೆಯದರೊಳಗೆ ಬಗ್ಗಿ ನೋಡುತ್ತಾರೆ. ಎರಿಗಳು ನೇತಾಡಿದಂತೆಯೇ ಇವೆ. ಹತ್ತನೆಯದು, ಹನ್ನೊಂದನೆಯದು, ಇಪ್ಪತ್ತನೆಯದು. ಕೊನೆಯ ಮುಚ್ಚಳ ಮುಚ್ಚಿದವರೇ ಗಾಡಿಯ ಕಡೆ ಓಡುತ್ತಾರೆ. ಕಿಟಕಿಯ ಹತ್ತಿರ ಬಂದು ಗಕ್ಕನೆ ನಿಲ್ಲುತ್ತಾರೆ. ಮುಂದಿನ ಸೀಟಿನಲ್ಲಿ ಸ್ಪ್ರಿಂಗಕ್ಕ ಟವೆಲನ್ನು ಮಡಚಿ ತಲೆಗಿಟ್ಟುಕೊಂಡು, ಬಾಯಿ ತುಸು ತೆರೆದು, ಮಲಗಿದ್ದಾರೆ.

"ಹಳ್ಳ ದಾಟುವಾಗಲೇ ನಿದ್ದೆ ಹೋಗಿದ್ರು," ಎಂದು ಜೇನಣ್ಣ ಸ್ಕೂಟರಿನ ಮೇಲಿದ್ದ ಯಜಮಾನರಿಗೆ ಪಿಸುಗುಡುತ್ತಾರೆ. "ಮೂವತ್ತಾರಕ್ಕೆ ಮೂವತ್ತಾರೂ ಸರಿಯಾಗಿವೆ ಅಂತ ಅವರಿಗೆ ಹೇಳ್ಬೇಕಿತ್ತು."

ಯಜಮಾನರು ತುಟಿಯ ಮೇಲೆ ಬೆರಳಿಡುತ್ತಾರೆ. ಆದರೆ ಅಕ್ಕನ ಕೇಳಿಸುವ ಕಿವಿ ಕಿಟಕಿಯ ಕಡೆಗೇ ಇದೆ. ಅವರು ಕಣ್ಣು ತೆರೆಯದೆ, ಮಗ್ಗುಲು ಬದಲಿಸಿ, ನಿದ್ದೆಗಣ್ಣಿನಲ್ಲೇ ಹೇಳುತ್ತಾರೆ.

"ಗೊತ್ತು ಕಣಪ್ಪಾ. ಗೊತ್ತಾಗಿದ್ದಕ್ಕೇ ತಾನೆ ನಿದ್ದೆ ಬಂದಿದ್ದು."