ಹನ್ನೊಂದನೇ ವಾರ್ಡಿನ ಆಳುಬಾವಿ

ಮೆಣಸಿನಕಾಯಿ ಬೋಂಡದ ಎಣ್ಣೆ ಕಾಗದಕ್ಕೆ ಇಳಿದಾಗ ಒಂದು ವಾಸನೆ ಬರುತ್ತದೆ. ಅದು ಬೋಂಡದ್ದಲ್ಲ, ಕಾಗದದ್ದೂ ಅಲ್ಲ, ಎರಡೂ ಕೂಡಿದ್ದು. ಹೋದ ತಿಂಗಳು ನಂಜನಗೂಡಿನಲ್ಲಿ ನಮ್ಮ ನಿವೃತ್ತರ ಸಂಘದ ಸಭೆ ಇತ್ತು. ತಟ್ಟೆ ಸಾಲದೆ ಬಂದು, ಹಂಚಲು ತಂದಿದ್ದ ನಡವಳಿ ಕಾಪಿಯ ಮೇಲೆಯೇ ಎರಡೆರಡು ಬೋಂಡ ಇಟ್ಟು ಕೊಟ್ಟರು. ಅಷ್ಟರಲ್ಲಿ ಕಾರ್ಯದರ್ಶಿ ಎದ್ದು, “ಹಿಂದಿನ ಸಭೆಯ ನಡವಳಿ... ಓದಿದಂತೆ ಭಾವಿಸೋಣ ಅಲ್ವಾ?” ಎಂದರು. ಎಲ್ಲರೂ ಬಾಯಲ್ಲಿ ಬೋಂಡ ಇಟ್ಟುಕೊಂಡೇ ತಲೆಯಾಡಿಸಿದರು. ನನ್ನ ಕೈಯಲ್ಲಿದ್ದ ಬೋಂಡ ಕೈಯಲ್ಲೇ ಉಳಿಯಿತು. ಹನ್ನೊಂದನೇ ವಾರ್ಡಿನ ಅಮ್ಮ ನೆನಪಾದರು.

ನಾನು ಪುರಸಭೆಯಲ್ಲಿ ಗುಮಾಸ್ತನಾಗಿದ್ದವನು. ಕಪಿಲೆಯ ದಡದಲ್ಲಿ ನಂಜನಗೂಡೂ ಇದೆ, ತಿ. ನರಸೀಪುರವೂ ಇದೆ. ಎರಡೂ ಊರಿನ ನೀರು ಕುಡಿದಿದ್ದೇನೆ. ಇದು ಯಾವ ಊರಿನ ಮಾತು ಎಂದು ಕೇಳಬೇಡಿ, ಹೇಳುವುದಿಲ್ಲ. ತಪ್ಪು ನನ್ನದು, ಊರಿನದಲ್ಲ.

ತಿಂಗಳಿಗೊಮ್ಮೆ ನಡೆಯುವ ಸಾಮಾನ್ಯ ಸಭೆಯಲ್ಲಿ ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂಬುದನ್ನು ನಡವಳಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ನನ್ನ ಅಕ್ಷರ ಮುತ್ತಿನಂತಿತ್ತು ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರೂ ಹೇಳುತ್ತಿದ್ದರು. ಕನ್ನಡದ ಬಗ್ಗೆಯಂತೂ ಜಂಬ ತಲೆಗೇರಿತ್ತು. ನಮ್ಮ ತಂದೆ ಮೈಸೂರಿನಲ್ಲಿ ಕನ್ನಡ ಮೇಷ್ಟರು. ಮನೆಯಲ್ಲಿ ‘ಹಳ್ಳಿ’ಯನ್ನು ‘ಅಳ್ಳಿ’ ಎಂದರೆ ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆ ಬೀಳುತ್ತಿತ್ತು. ಹೀಗಾಗಿ ನಮ್ಮ ಸದಸ್ಯರು ಮಾತಿನಲ್ಲಿ ನುಂಗಿದ ಹಕಾರಗಳನ್ನೆಲ್ಲ ಹುಡುಕಿ ಹುಡುಕಿ ನಡವಳಿಯಲ್ಲಿ ಅವರಿಗೆ ವಾಪಸು ಕೊಡುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ನನ್ನ ಎಣಿಕೆ.

ತೊಂಬತ್ತರ ದಶಕದ ನಡುವೆ ಹೆಂಗಸರಿಗೆ ಮೀಸಲಾತಿ ಬಂದು, ಒಂದೇ ಚುನಾವಣೆಯಲ್ಲಿ ಏಳೆಂಟು ಹೆಣ್ಣುಮಕ್ಕಳು ಗೆದ್ದು ಬಂದರು. ಅವರಲ್ಲಿ ಬಹುಪಾಲಿನವರ ಗಂಡನೋ ಮೈದುನನೋ ಜೊತೆಗೆ ಬಂದು ಸಭಾಂಗಣದ ಬಾಗಿಲಲ್ಲಿ ನಿಂತು ಕಣ್ಸನ್ನೆ ಮಾಡುತ್ತಿದ್ದರು. ಹನ್ನೊಂದನೇ ವಾರ್ಡಿನ ಅಮ್ಮ ಒಬ್ಬರೇ ಬಂದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಚಿಕ್ಕಂದಿನಿಂದ ರೇಷ್ಮೆಗೂಡು ಬೇಯಿಸಿ ನೂಲು ತೆಗೆದವರು. ಓದು ಬರುತ್ತಿರಲಿಲ್ಲ. ಕುದಿನೀರಲ್ಲಿ ಅದ್ದೀ ಅದ್ದೀ ಅವರ ಬೆರಳ ಗೆರೆಗಳೆಲ್ಲ ಸವೆದುಹೋಗಿದ್ದವು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದರೆ ನೇರಳೆ ಹಣ್ಣು ಜಜ್ಜಿದ ಹಾಗೆ ಬರೀ ಕಲೆ.

“ಇದು ಯಾರ ಹೆಬ್ಬೆಟ್ಟು ಅಂತ ನಾನು ಹೆಂಗಮ್ಮ ಗುರುತು ಹಿಡೀಲಿ?” ಎಂದು ರೇಗಿಸಿದೆ.

“ಗೆರೆ ಇಲ್ದಿರದೇ ನನ್ ಗುರ್ತು ಕಣಪ್ಪ,” ಎಂದರು.

ಅವರು ಗೆದ್ದದ್ದು ಒಂದೇ ಒಂದು ಮಾತಿನ ಮೇಲೆ. ಅವರ ಬೀದಿಗೆ ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೀದಿಯ ಕೊನೆಯಲ್ಲಿ ಹಿಂದಿನವರು ತೋಡಿದ ಒಂದು ಬಾವಿ ಇತ್ತು. ಹೂಳು ತುಂಬಿ ನೀರು ಕೆಳಗಿಳಿದಿತ್ತು, ರಾಟೆ ಮುರಿದಿತ್ತು. ಅದನ್ನು ಸರಿಮಾಡಿಸುತ್ತೇನೆ ಎಂದು ಮನೆಮನೆಯ ಹೆಂಗಸರಿಗೆ ಮಾತು ಕೊಟ್ಟು ಬಂದಿದ್ದರು. ಈ ಸಂಗತಿ ನನಗೆ ಗೊತ್ತಾದದ್ದು ಆಮೇಲೆ. ಆ ಬೀದಿಗೆ ನಾನು ಆವರೆಗೂ ಕಾಲಿಟ್ಟವನಲ್ಲ.

ಮೊದಲ ಸಭೆಯಲ್ಲೇ ಅವರ ಸ್ವಭಾವ ಗೊತ್ತಾಯಿತು. ಯಾವ ಸಭೆಯಾದರೂ ಮೊದಲ ವಿಷಯ ಒಂದೇ: ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ಓದುವವರು ಯಾರು? ಅಧ್ಯಕ್ಷರು “ಓದಿದಂತೆ ಭಾವಿಸೋಣ” ಅನ್ನುವುದು, ಸದಸ್ಯರು ಮೇಜು ಕುಟ್ಟುವುದು, ನಾನು ಹಾಗೆಂದೇ ಬರೆದುಕೊಳ್ಳುವುದು. ಇದು ಅನಾದಿಯಿಂದ ನಡೆದು ಬಂದ ಪದ್ಧತಿ. ಆವತ್ತೂ ಮೇಜು ಕುಟ್ಟಿದ್ದಾಯಿತು. ಹಿಂದಿನ ಸಾಲಿನಿಂದ ಒಂದು ಧ್ವನಿ ಬಂತು.

“ಓದಿ ಸಾ.”

“ಎಲ್ರಿಗೂ ಕಾಪಿ ಕೊಟ್ಟಿದ್ದೀವಲ್ಲಮ್ಮ,” ಎಂದರು ಅಧ್ಯಕ್ಷರು.

“ಕಾಪಿ ಕೊಟ್ರಿ, ಸರಿ. ಕಣ್ಣು ಕೊಡ್ನಿಲ್ವಲ್ಲ ಸಾ.”

ಸಭೆ ನಕ್ಕಿತು. ಅವರೂ ನಕ್ಕರು, ಆದರೆ ಕೂರಲಿಲ್ಲ. ನಾನು ಓದಬೇಕಾಯಿತು. ಅವರು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತಾ ಕೇಳಿದರು, ಒಂದು ವಿಷಯಕ್ಕೆ ಒಂದು ಗೆಣ್ಣು. ಹೊರಗೆ ಸಭೆಗೆಂದು ತರಿಸಿದ್ದ ಬೋಂಡ ತಣ್ಣಗಾಯಿತು. ಅಂದಿನಿಂದ ಪ್ರತಿ ತಿಂಗಳೂ ಇದೇ ಗೋಳು. ಸದಸ್ಯರು ನನ್ನ ಮುತ್ತಿನಂಥ ಅಕ್ಷರದಲ್ಲಿ ಬೋಂಡ ಸುತ್ತಿಕೊಂಡು ಮನೆಗೆ ಒಯ್ಯುತ್ತಿದ್ದರು. ಓದಲು ಬಾರದ ಆಕೆ ಮಾತ್ರ ಪ್ರತಿಯೊಂದು ಕಾಪಿಯನ್ನೂ ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಕೊಳ್ಳುತ್ತಿದ್ದರು. ಆಗ ಅದು ನನಗೆ ತಮಾಷೆಯಾಗಿ ಕಾಣುತ್ತಿತ್ತು... ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುವರ್ಷ ಬೇಸಿಗೆಗೆ ಮುಂಚಿನ ಸಭೆ. ಬೀದಿದೀಪ, ಖಾತೆ ಬದಲಾವಣೆ, ಸಂತೆ ಮೈದಾನದ ಕಸ, ಇವೆಲ್ಲ ಮುಗಿದು ಹಂದಿಗಳ ವಿಷಯ ಬಂತು. ಹಂದಿ ಹಿಡಿಸಬೇಕು ಎಂದು ಒಬ್ಬರು, ಹಿಡಿಸಿದರೆ ಸುಮ್ಮನಿರುವುದಿಲ್ಲ ಎಂದು ಇನ್ನೊಬ್ಬರು. ಕಿವಿಯ ಮೇಲೆ ಕೈ ಇಟ್ಟುಕೊಳ್ಳುವಂಥ ಗದ್ದಲ. ಆ ಗದ್ದಲದಲ್ಲೇ ಅಮ್ಮ ಎದ್ದು, “ನಮ್ ಬೀದಿ ಆಳ್ಬಾವಿಗೆ ಒಂದು ಗತಿ ಕಾಣ್ಸಿ ಸಾ, ಬ್ಯಾಸ್ಗೆ ಬಂತು,” ಎಂದರು. ಅಧ್ಯಕ್ಷರು ಹಂದಿ ಜಗಳದಿಂದ ಮುಖ ತಿರುಗಿಸದೆ, “ಆಯ್ತು, ಬರ್ಕೊಳ್ರೀ,” ಎಂದರು. ಬರೆದುಕೊಂಡೆ.

ಮಾರನೆಯ ದಿನ ನಡವಳಿ ತಯಾರು ಮಾಡಲು ಕೂತಾಗ ‘ಆಳ್ಬಾವಿ’ ಎಂಬ ನನ್ನದೇ ಗೀಚು ಕಣ್ಣಿಗೆ ಬಿತ್ತು. ಅಯ್ಯೋ ಪಾಪ, ಹಕಾರ ನುಂಗಿದ್ದಾರೆ ಅಂದುಕೊಂಡೆ. ಹಾಳು ಬಾವಿಗೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ನಮ್ಮಪ್ಪನ ಬಾಯಲ್ಲಿ ದಿನಕ್ಕೆರಡು ಸಲ ಬರುತ್ತಿತ್ತು. ‘ಹಾಳುಬಾವಿ’ ಎಂದು ಬರೆದೆ. ಹಾಳುಬಾವಿಗೆ ಗತಿ ಕಾಣಿಸುವುದೆಂದರೆ ಮುಚ್ಚಿಸುವುದು ತಾನೆ? ಬರಹಕ್ಕೆ ಶೋಭೆ ಬರಲಿ ಎಂದು ‘ಸಾರ್ವಜನಿಕರಿಗೆ ಅಪಾಯಕಾರಿಯಾಗಿರುವ’ ಎಂದು ನನ್ನ ಕೈಯಿಂದ ಬೇರೆ ಸೇರಿಸಿದೆ. ಎಂಜಿನಿಯರಿಗೆ ಖುಷಿಯೋ ಖುಷಿ. ಹಳೇ ಮಾರುಕಟ್ಟೆ ಒಡೆದ ಕಲ್ಲುಮಣ್ಣು ಎಲ್ಲಿ ಸುರಿಸುವುದೆಂದು ಅವರು ತಲೆ ಕೆಡಿಸಿಕೊಂಡಿದ್ದರು. “ನಡವಳಿ ದೃಢೀಕರಣ ಆಗ್ಲಿ, ಮಾರನೆ ಬೆಳಿಗ್ಗೇನೇ ಟ್ರ್ಯಾಕ್ಟರ್ ಕಳುಸ್ತೀನಿ,” ಎಂದರು.

ಮುಂದಿನ ಸಭೆಯ ದಿನ ಅಧ್ಯಕ್ಷರಿಗೆ ಮೂಗೂರಿನಲ್ಲಿ ಬೀಗರೂಟ. ಕಾರು ಬಾಗಿಲಲ್ಲೇ ನಿಂತಿತ್ತು. ಅವರು ಕೂರುವ ಮುಂಚೆಯೇ ಹನ್ನೊಂದನೇ ವಾರ್ಡಿನ ಕಡೆ ಕೈ ಮುಗಿದರು. “ಅಮ್ಮಾ, ಇವತ್ತೊಂದಿನ ಓದಿದಂಗೆ ಅಂದ್ಕೊಳವ್ವ.”

“ಊಟ ಮಾಡ್ದಂಗೆ ಅಂದ್ಕಂಡ್ರೆ ನಿಮ್ ಒಟ್ಟೆ ತುಂಬ್ತದಾ ಸಾ?” ಎಂದರು ಅಮ್ಮ. “ಓದ್ಸಿ.”

ನನಗೂ ರೇಗಿತ್ತು. ರೈಲು ಬಿಟ್ಟ ಹಾಗೆ ಓದಿದೆ. ಹದಿನಾಲ್ಕನೇ ವಿಷಯಕ್ಕೆ ಬಂದಾಗ ಅವರ ಹೆಬ್ಬೆರಳು ಗೆಣ್ಣಿನ ಮೇಲೆ ನಿಂತಿತು.

“ತಡೀರಿ ಗುಮಾಸ್ತ್ರೆ. ಅದೇನಂದ್ರಿ? ಮುಚ್ಚೋದಾ?”

“ಹೌದಮ್ಮ, ನೀವೇ ಹೇಳಿದ್ದು. ಹಾಳುಬಾವಿ.”

“ನಾನಂದಿದ್ದು ಆಳ್ಬಾವಿ.”

“ನಾನೂ ಅದನ್ನೇ ಬರೆದಿದ್ದೀನಿ. ಹಾಳುಬಾವಿ.”

“ಅಲ್ಲ ಸಾ. ಆಳ್ಬಾವಿ.”

ಸದಸ್ಯರು ನಗಲು ಶುರುಮಾಡಿದರು. ಅವರ ಕಿವಿಗೆ ಎರಡೂ ಒಂದೇ. ಅಲ್ಲಿದ್ದ ಅರ್ಧಕ್ಕರ್ಧ ಮಂದಿ ಎರಡನ್ನೂ ‘ಆಳ್ಬಾವಿ’ ಎಂದೇ ಹೇಳುವವರು. “ಇಬ್ರೂ ಒಂದೇ ಏಳ್ತಾವ್ರೆ, ಜಗಳ ಯಾಕೆ ಆಡ್ತಾವ್ರೆ?” ಎಂದು ಹಂದಿ ಪಕ್ಷದವರೊಬ್ಬರು ಕೇಳಿದರು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಅಮ್ಮನ ಮುಖ ಕಪ್ಪಿಟ್ಟಿತು. ಮನೆಮನೆಗೆ ಕೊಟ್ಟ ಮಾತು, ಬೀದಿಯ ನೀರು, ಎಲ್ಲವೂ ನನ್ನ ಒಂದು ಅಕ್ಷರದ ಮೇಲೆ ನಿಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು, ಇಲ್ಲ ಅತ್ತುಬಿಡುತ್ತಿದ್ದರು. ಇವರು ಅಧ್ಯಕ್ಷರ ಕಡೆ ಬೆರಳು ಮಾಡಿದರು.

“ಮೊದ್ಲು ನೀವು ಕೆಳುಗ್ ನಿಂತ್ಕಳಿ ಸಾ. ನಿಮ್ ಎಗಲ್ ಮ್ಯಾಲೆ ಉಪಾಧ್ಯಕ್ಷ್ರು. ಅವ್ರ ಮ್ಯಾಲೆ ಎಂಜಿನೇರು. ಅವ್ರ ಮ್ಯಾಲೆ ಇವ್ರು, ಇವ್ರು, ಇವ್ರು.” ಆರು ಜನರಾದರು. ಕೊನೆಗೆ ನನ್ನ ಕಡೆ ತಿರುಗಿದರು. “ತುದೀಗೆ ಈ ಗುಮಾಸ್ತ್ರು. ಆಗ ಇವ್ರ ತಲೆ ಮಾತ್ರ ಬಾವಿಯಿಂದ ಮ್ಯಾಕ್ ಕಾಣ್ತದೆ. ಏಳಾಳುದ್ದದ ಬಾವಿ ಸಾ ಅದು. ಅದ್ಕೇ ಆಳ್ಬಾವಿ. ಕೆಟ್ಟೋದ್ ಬಾವಿ ಅಲ್ಲ. ಊಳ್ ತಗ್ದು ರಾಟೆ ಆಕ್ಸಿ ಅಂತ ಕೇಳಿದ್ರೆ ಮಣ್ಣಾಕ್ತೀವಿ ಅಂತೀರಲ್ಲ.”

ನಗು ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ನಿಜ ಹೇಳಬೇಕೆಂದರೆ, ‘ಅಂದು ಇವರು ಹಾಗೇ ಹೇಳಿದ್ದರು’ ಎಂದು ಸಾಧಿಸುವುದು ನನಗೆ ಕಷ್ಟವಿರಲಿಲ್ಲ. ಬರೆದದ್ದೇ ವೇದವಾಕ್ಯ, ಬರೆದವನು ನಾನು. ಬಾಯಿಯವರೆಗೂ ಬಂದಿತ್ತು ಕೂಡ. ಆದರೆ ಆ ಹೆಂಗಸು ಕಣ್ಣು ಮುಚ್ಚಿ ತಿಂಗಳು ತಿಂಗಳು ನನ್ನ ಬರಹವನ್ನು ಕೇಳಿದವರು. ಊರಿನಲ್ಲಿ ನನ್ನನ್ನು ಅಕ್ಷರ ಅಕ್ಷರವಾಗಿ ಕೇಳಿದವರು ಅವರೊಬ್ಬರೇ.

“ಹ ಸೇರಿಸಿದ್ದು ನಾನು ಸರ್. ಮುಚ್ಚಿಸುವುದು ಅಂತ ಬರೆದದ್ದೂ ನಾನೇ. ಅವರು ಹೇಳಿದ್ದು ಆಳುಬಾವಿ,” ಎಂದೆ.

ಬೈಗುಳ ಬಿತ್ತು, ಬೀಳಲೇಬೇಕಿತ್ತು. ನಡವಳಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ‘ಹಾ’ ಹೊಡೆದು ‘ಆ’ ಬರೆದೆ. ಅಪಾಯಕಾರಿ, ಮುಚ್ಚಿಸುವುದು ಎಲ್ಲವನ್ನೂ ಹೊಡೆದು, ‘ಹೂಳೆತ್ತಿಸಿ ರಾಟೆ ಹಾಕಿಸಲು ತೀರ್ಮಾನಿಸಲಾಯಿತು’ ಎಂದು ತಿದ್ದಿದೆ. ಅಧ್ಯಕ್ಷರು ಸಹಿ ಹಾಕಿ, ಅಮ್ಮನನ್ನೂ ಕರೆದು ಹೆಬ್ಬೆಟ್ಟು ಒತ್ತಿಸಿ ಎಂದರು. ನನ್ನ ಮುತ್ತಿನಂಥ ಪುಟದ ಅಂಚಿನಲ್ಲಿ ಗೆರೆಯಿಲ್ಲದ ನೇರಳೆ ಕಲೆ ಬಿತ್ತು. ನಾನು ಬರೆದ ಪುಟಗಳಲ್ಲಿ ನನಗೆ ಹೆಮ್ಮೆಯ ಪುಟ ಯಾವುದೆಂದರೆ ಅದೇ.

ಹೊರಗೆ ಬಂದಾಗ ಅವರೇ ನನ್ನನ್ನು ನಿಲ್ಲಿಸಿದರು. “ನಿನ್ ಕನ್ನಡ ಚೆಂದಾಗದೆ ಕಣಪ್ಪ. ನಮ್ದೂ ಒಸಿ ಚೆಂದಾಗೇ ಅದೆ. ಗಾದೇಲಿ ಬರೋ ಬಾವಿ ಬ್ಯಾರೆ, ನಮ್ ಬೀದಿ ಬಾವಿ ಬ್ಯಾರೆ. ಒಂದ್ಸಲ ಬಂದು ನೋಡು.”

ಹೋದೆ. ಹೂಳು ತೆಗೆದು ಮುಗಿದ ವಾರ. ಹೊಸ ರಾಟೆ ಕಿರುಗುಟ್ಟುತ್ತಿತ್ತು. ಅಮ್ಮ ಒಂದು ಚೊಂಬು ನೀರು ಸೇದಿ ಕೊಟ್ಟು, ನಾನು ಕುಡಿಯುವುದನ್ನೇ ನೋಡುತ್ತಾ ನಿಂತರು. ಸಿಹಿನೀರು. ಬಗ್ಗಿ ನೋಡಿದರೆ ತಳ ಕಾಣಲಿಲ್ಲ.

ಅವರು ಎರಡನೇ ಬಾರಿಯೂ ಗೆದ್ದರು. ಅವರಿದ್ದಷ್ಟು ವರ್ಷ ನಮ್ಮ ನಡವಳಿಯಲ್ಲಿ ‘ಓದಿದಂತೆ ಭಾವಿಸಲಾಯಿತು’ ಎಂಬ ಮಾತನ್ನು ನಾನು ಬರೆಯಲಿಲ್ಲ. ಬರಬರುತ್ತಾ ಉಳಿದ ಸದಸ್ಯರೂ ಕಿವಿ ಕೊಡತೊಡಗಿದ್ದರು. “ಅಲ್ ಒಸಿ ನಿಲ್ಸಿ, ಅದ್ ನಾನ್ ಏಳಿದ್ದಲ್ಲ,” ಎಂದು ಒಬ್ಬೊಬ್ಬರೇ ಎದ್ದು ನಿಲ್ಲುತ್ತಿದ್ದರು. ನನ್ನ ತಪ್ಪುಗಳು ಹೊರಬಿದ್ದವು. ನನ್ನ ಬರಹವೂ ಸುಧಾರಿಸಿತು.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಜ್ವರ ಬಂದು, ನಾಲ್ಕೇ ದಿನದಲ್ಲಿ ಹೋಗಿಬಿಟ್ಟರು. ಸಭೆ ಸೇರಿ ಸಂತಾಪ ಸೂಚಿಸಿತು. ಎರಡು ನಿಮಿಷ ಮೌನ, ನಾಲ್ಕು ಸಾಲಿನ ನಿರ್ಣಯ, ನಾನೇ ಬರೆದೆ. ಅದರ ಮುಂದಿನ ತಿಂಗಳ ಸಭೆ. ಆಗಿದ್ದವರು ಹೊಸ ಅಧ್ಯಕ್ಷರು. ಮೊದಲ ವಿಷಯ ಬಂತು. “ಓದಿದಂತೆ ಭಾವಿಸೋಣ ಅಲ್ವೇನ್ರಪ್ಪ?” ಎಂದರು. ಒಬ್ಬರು ಹಳೆಯ ಅಭ್ಯಾಸಬಲದಿಂದ ಮೇಜು ಕುಟ್ಟಿದರು. ಹಿಂದಿನ ಸಾಲಿನ ಕುರ್ಚಿ ಖಾಲಿ ಇತ್ತು. ಓದಿ ಅನ್ನುವವರು ಇರಲಿಲ್ಲ.

ಗುಮಾಸ್ತನಿಗೆ ಸಭೆಯಲ್ಲಿ ಮಾತಾಡುವ ಹಕ್ಕಿಲ್ಲ. ಆದರೆ ಓದುವುದು ಮಾತಾಡಿದಂತಲ್ಲವಲ್ಲ. ಎದ್ದು ನಿಂತು ಪುಸ್ತಕ ತೆರೆದು ಒಂದನೇ ವಿಷಯದಿಂದ ಓದತೊಡಗಿದೆ, ನಿಧಾನವಾಗಿ. ‘ಹನ್ನೊಂದನೇ ವಾರ್ಡಿನ ಸದಸ್ಯರಾಗಿ ಜನರ ಮಾತನ್ನು ಉಳಿಸಿದ...’ ಎಂಬ ಸಾಲಿಗೆ ಬಂದಾಗ ತಲೆಯೆತ್ತಿದೆ. ಸದಸ್ಯರೆಲ್ಲ ಎದ್ದು ನಿಂತಿದ್ದರು. ಹಂದಿ ಜಗಳದವರಿಬ್ಬರೂ ಅಕ್ಕಪಕ್ಕ ನಿಂತಿದ್ದರು. ಕೊನೆಯ ಅಕ್ಷರದವರೆಗೂ ಓದಿಯೇ ಕೂತೆ.

ಈಗ ಆ ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ರಾಟೆ ಇಲ್ಲ, ಸೇದುವವರೂ ಇಲ್ಲ. ಮೋಟಾರು ಇಟ್ಟು ನೀರೆತ್ತುತ್ತಾರೆ. ಬೀದಿಯ ಹೊಸಬರಿಗೆ ಅದು ಬರೀ ಬಾವಿ. ನನಗೂ ಕಣ್ಣಿಗೆ ಪೊರೆ ಬಂದಿದೆ. ನಿವೃತ್ತರ ಸಂಘದ ಸಭೆಯಲ್ಲಿ ಎಣ್ಣೆ ಕುಡಿದ ಆ ಕಾಗದದ ಅಕ್ಷರಗಳು ನನಗೆ ಸೊಳ್ಳೆ ಸಾಲಿನಂತೆ ಕಂಡವು.

ಹೋದ ತಿಂಗಳು, ಬೋಂಡವನ್ನು ಪಕ್ಕಕ್ಕಿಟ್ಟು ನಾನು ಎದ್ದು ನಿಂತೆ. “ಓದಿ ಸಾ,” ಎಂದೆ.

“ಕಾಪಿ ನಿಮ್ಮ ಕೈಲೇ ಇದೆಯಲ್ಲ ಸಾರ್,” ಎಂದರು ಕಾರ್ಯದರ್ಶಿ.

“ಕಾಪಿ ಕೊಟ್ರಿ, ಸರಿ. ಕಣ್ಣು ಕೊಡ್ನಿಲ್ವಲ್ಲ,” ಎಂದೆ.

ಎಲ್ಲರೂ ನಕ್ಕರು. ಮೇಷ್ಟರ ಮಗನ ಬಾಯಲ್ಲಿ ಇದೆಂಥ ಕನ್ನಡ ಎಂದು ಯಾರೋ ರೇಗಿಸಿದರು. ನಾನು ಕೂರಲಿಲ್ಲ. ಕಾರ್ಯದರ್ಶಿ ಕನ್ನಡಕ ಏರಿಸಿ ಓದಲು ಶುರುಮಾಡಿದರು. ನಾನು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿನ ಮೇಲೆ ಇಟ್ಟೆ.