ಬಸವಣ್ಣನಿಗೆ ಒಪ್ಪಿಸಿದ ಪಂಪು

ಭಕ್ತ ಬಂಧುಗಳೇ, ನನ್ನ ದಡ್ಡತನವನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ನಗುವವರು ನಗಲಿ.

ನಾನು ಬಳ್ಳಾರಿ ಸತ್ಯನಾರಾಯಣಪೇಟೆಯ ಗಂಗಮ್ಮ. ಮನೆಯಲ್ಲೇ ಜೀನ್ಸ್ ಪ್ಯಾಂಟ್ ಹೊಲಿಯುತ್ತೇನೆ. ಕಳೆದ ವರ್ಷ ಯುಗಾದಿಯಾದ ಮೇಲೆ ಎದೆಯಲ್ಲಿ ಸುಂಯ್ ಎಂದು ಸದ್ದು ಶುರುವಾಯಿತು. ಡಾಕ್ಟರು ಅಸ್ತಮಾ ಎಂದರು. ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಬರೆದುಕೊಟ್ಟು, "ಬಟ್ಟಿ ಧೂಳು ಮೂಗಿಗೆ ಹೋಗಬಾರದ್ರಿ. ಪಂಪು ಯಾವಾಗ್ಲೂ ಕೈಯಾಗ ಇರ್ಲಿ" ಎಂದರು.

ಆಗ ದೇಶನೂರಿಗೆ ಕೊಟ್ಟ ನನ್ನ ಮಗಳು ಸುಮಾ ಬಸುರಿ. ಏಳು ವರ್ಷ ಕಾದು ಕಂಡ ಫಲ. ನನ್ನ ಮನೆಯ ಧೂಳಿಗೆ ಹೆದರಿ ಬಾಣಂತನವೂ ಅಲ್ಲೇ ಎಂದು ಬೀಗರು ತೀರ್ಮಾನಿಸಿದರು. ನನಗೆ ತುಂಬ ನೋವಾಯಿತು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಾಯಿಯ ತಾಯಿ ಜೋಗುಳ ಹಾಡಬೇಕು. ಅದೊಂದಾದರೂ ನನಗೆ ಉಳಿಯಲಿ ಎಂದರೆ, ಒಂದು ಸಾಲಿಗೂ ಉಸಿರು ಸಾಲುತ್ತಿರಲಿಲ್ಲ. ಹಾಡಲು ಹೋಗಿ ಕೆಮ್ಮಿ, ಮಷಿನ್ ಮೇಲೆ ತಲೆಯಿಟ್ಟು ಅತ್ತಿದ್ದೇನೆ.

ಗಾಂಧಿನಗರದಲ್ಲಿ ನಿವೃತ್ತ ಟೀಚರೊಬ್ಬರು ಬೆಳಿಗ್ಗೆ ಪ್ರಾಣಾಯಾಮ ಹೇಳಿಕೊಡುತ್ತಾರೆಂದು ತಿಳಿದು ಸೇರಿಕೊಂಡೆ. "ನಿಧಾನ ಉಸಿರು ತಗೋರಿ, ಅದಕ್ಕಿಂತ ನಿಧಾನ ಬಿಡ್ರಿ. ಬಿಡೋವಾಗ ದುಂಬಿ ಹಂಗ ಮ್ ಅನ್ರಿ. ಜಿದ್ದಿಗೆ ಬಿದ್ದು ಉಸಿರು ಹಿಡೀಬ್ಯಾಡ್ರಿ, ಔಷಧಿ ಬಿಡಬ್ಯಾಡ್ರಿ" ಎಂದರು. ಮೊದಲ ದಿನ ನನ್ನ ದುಂಬಿ ಹಾರುವ ಮೊದಲೇ ಬಿತ್ತು. ತಿಂಗಳೆರಡು ತಿಂಗಳಲ್ಲಿ ಉಸಿರು ಉದ್ದವಾಯಿತು, ನಿದ್ದೆ ಹತ್ತಿತು, ಮೆಟ್ಟಿಲು ಹತ್ತುವಾಗ ನಿಲ್ಲುವುದು ತಪ್ಪಿತು. ಇಷ್ಟಕ್ಕೇ ನನಗೆ ಸೊಕ್ಕು ಬಂತು, ಇನ್ನು ಪಂಪು ಯಾಕೆ ಎನಿಸಿತು.

ನಮ್ಮ ಕಡೆ ಹರಕೆ ಹೊತ್ತವರು ಏನಾದರೊಂದನ್ನು ದೇವರಿಗೆ ಬಿಡುತ್ತಾರೆ. ನಮ್ಮತ್ತೆ ಚಹಾ ಬಿಟ್ಟಿದ್ದರು. ನಾನು ಶ್ರಾವಣ ಸೋಮವಾರ ಕುರುಗೋಡಿನ ಗುಡಿಗೆ ಹೋಗಿ, ತೆಂಗಿನಕಾಯಿಯ ಜೊತೆ ಪಂಪನ್ನೂ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ಬಸವಣ್ಣನ ಮುಂದಿಟ್ಟೆ. "ಇನ್ನು ಇದನ್ನು ಮುಟ್ಟುವುದಿಲ್ಲ ತಂದೆ. ಜೋಗುಳ ಹಾಡಿಸು" ಎಂದು ಕೈಮುಗಿದೆ. ದೊಡ್ಡ ಭಕ್ತೆ ನಾನು!

ಬಸ್ಸಿಗೆ ಕಾಯುತ್ತಿದ್ದಾಗ ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಎದೆ ಬಿಗಿಯಿತು. ಕೈ ತಾನಾಗಿ ಚೀಲಕ್ಕೆ ಹೋಯಿತು. ಪಂಪಿಲ್ಲ. ದುಂಬಿಯೂ ಏಳಲಿಲ್ಲ. ಕಣ್ಣು ಕತ್ತಲೆಗಟ್ಟಿ ನೆಲಕ್ಕೆ ಕುಸಿದೆ. ಮೊಮ್ಮಗುವಿನ ಮುಖ ನೋಡದೆ ಹೋಗುತ್ತೇನೆ, ತಪ್ಪಾಯಿತು ಬಸವಣ್ಣ ಎಂದು ಮನಸ್ಸಿನಲ್ಲೇ ಗೋಳಾಡಿದೆ.

ಆಗ ಯಾರೋ ಕೂಗುತ್ತ ಬಂದರು. ಪೂಜಾರಿಯ ಹೆಂಡತಿ, ಗುಡಿಯಲ್ಲಿ ನನಗೆ ಕುಂಕುಮ ಕೊಟ್ಟಿದ್ದವರು! ಕಾಯಿ ಒಡೆಯಲೆಂದು ಗಂಟು ಬಿಚ್ಚಿದವರು ಪಂಪು ಕಂಡು ಓಡಿಬಂದಿದ್ದರು.

"ಬಸವಣ್ಣಗೇನು ದಮ್ಮು ಐತೇನವ್ವಾ? ಅವಗ್ಯಾಕ ಪಂಪು? ಎಳ್ಕಾ ಮೊದ್ಲು!"

ಅವರೇ ಬಾಯಿಗಿಟ್ಟು ಒತ್ತಿದರು. ಸ್ವಲ್ಪ ಹೊತ್ತಿಗೆ ಉಸಿರು ತಿರುಗಿತು. ನಾನು ಅವರ ಕಾಲಿಗೆ ಕೈ ಚಾಚಿದರೆ, "ನಂಗೂ ಇದ ಬ್ಯಾನಿ ಐತಿ ತಾಯಿ. ಅದಕ್ಕ ನೋಡಿದ ಕೂಡ್ಲೆ ಜೀವ ಝಲ್ ಅಂತು" ಎಂದು ತಮ್ಮ ಸೊಂಟದ ಚೀಲದಿಂದ ಇನ್ನೊಂದು ಪಂಪು ತೆಗೆದು ತೋರಿಸಿದರು. ಕಾಕತಾಳೀಯ ಎನ್ನುವವರು ಎನ್ನಲಿ. ಆ ಗಂಟನ್ನು ಅವರ ಕೈಯಿಂದಲೇ ಬಿಚ್ಚಿಸಿದವನು ಯಾರೆಂದು ನನಗೆ ಗೊತ್ತು.

ಅದೇ ಬಸ್ಸಿನಲ್ಲಿ ಬಳ್ಳಾರಿ ಆಸ್ಪತ್ರೆಗೆ ಬಂದು ಡಾಕ್ಟರ ಬೈಗುಳ ತಿಂದೆ. ಮರುವಾರ ಟೀಚರ ಬೈಗುಳ. ಪಂಪೂ ನಡೆಯಿತು, ದುಂಬಿಯೂ ನಡೆಯಿತು.

ಕಾರ್ತಿಕದಲ್ಲಿ ದೇಶನೂರಿನಲ್ಲಿ ತೊಟ್ಟಿಲು ಕಟ್ಟಿದರು. ಹೆಣ್ಣು ಕೂಸು. ಹಿತ್ತಲಲ್ಲಿ ಕುಳಿತು ಹತ್ತು ಸಲ ದುಂಬಿ ಹಾರಿಸಿ ಬಂದು ಹಗ್ಗ ಹಿಡಿದೆ. ಒಂದು ನುಡಿ, ಎರಡು ನುಡಿ, ಐದೂ ನುಡಿ ಹಾಡಿದೆ. ಸುಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀಗತಿ, "ಕೂಸು ಮಲಗೈತಿ, ಇನ್ನ ಸಾಕು ಮಾಡ್ರಿ" ಎಂದರು. ನಾನು ನಿಲ್ಲಿಸಲಿಲ್ಲ, ಮೊದಲ ನುಡಿಯಿಂದ ಮತ್ತೆ ಹಾಡಿದೆ.

ಬರುವ ಸೋಮವಾರ ಮೊಮ್ಮಗಳನ್ನು ಕರೆದುಕೊಂಡು ಕುರುಗೋಡಿಗೆ ಹೋಗುತ್ತೇವೆ. ಈ ಸಲ ಬಸವಣ್ಣನಿಗೆ ನನ್ನ ಎಲೆಅಡಿಕೆ ಜಗಿಯುವ ಚಟ ಬಿಟ್ಟು ಬರುತ್ತೇನೆ. ಪಂಪು ನನ್ನ ಚೀಲದಲ್ಲೇ ಇರುತ್ತದೆ, ಅದೇ ಹಳದಿ ಬಟ್ಟೆಯಲ್ಲಿ.