ಹಗ್ಗದ ಮೇಲಿನ ಶಾಲು

ಹಿತ್ತಲಿನ ಹಗ್ಗದ ಮೇಲೆ ಆ ದಿನ ಶಾಲು ಇತ್ತೋ ಇಲ್ಲವೋ ಎಂಬುದು ನನಗೆ ಖಚಿತವಿಲ್ಲ. ಇತ್ತೆಂದೇ ಎಷ್ಟೋ ವರ್ಷ ನಂಬಿದ್ದೆ. ಬಾದಾಮಿ ಬಣ್ಣದ ಶಾಲು, ಹಸಿರು ಅಂಚು, ಒಂದು ಮೂಲೆಯಲ್ಲಿ ಕುಂಕುಮದ ಕಲೆ. ಈಗ ಅದೇ ಹಿತ್ತಲನ್ನು ನೆನೆದರೆ ಕೆಲವೊಮ್ಮೆ ಹಗ್ಗ ಬರಿದಾಗಿ ಕಾಣುತ್ತದೆ. ಇಲ್ಲಿ ಬರೆಯುತ್ತಿರುವ ಬೇರೆ ವಿವರಗಳೂ ತಪ್ಪಿರಬಹುದು. ಅವುಗಳ ಚಿಂತೆ ನನಗೆ ಅಷ್ಟಿಲ್ಲ. ಶಾಲಿನದು ಇದೆ, ಯಾಕೆಂದರೆ ಅದು ಇದ್ದರೆ ನಾನು ತಿಳಿಯದೆ ತಪ್ಪು ಮಾಡಿದವಳು. ಇಲ್ಲದಿದ್ದರೆ ತಿಳಿದೇ ಮಾಡಿದವಳು.

ಶಾಲು ನನ್ನ ಅತ್ತೆಯದು, ಅಪ್ಪನ ತಂಗಿಯದು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅವಳು ಖಾನಾಪುರದ ನಮ್ಮ ಮನೆಗೆ ಮರಳಿದ್ದಳು. ಅದು ನಾನು ಹುಟ್ಟುವ ಮೊದಲಿನ ಮಾತು. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಅವ್ವ ಪಾರಿಶ್ವಾಡದ ಶಾಲೆಯಲ್ಲಿ ಶಿಕ್ಷಕಿ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆಗೇ. ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದು ಇಕ್ಕಟ್ಟಾದ ಜಾಗ. ಅಲ್ಲಿ ಆಯಿಯ ಮಂಚ, ಮಂಚದ ಬದಿಗೆ ನೆಲದ ಮೇಲೆ ಅತ್ತೆಯ ಚಾಪೆ. ನೀರು ಕುಡಿಯಲು ಎದ್ದವರೂ ಅತ್ತೆಯ ಕಾಲು ದಾಟಿಯೇ ಹೋಗಬೇಕು. ಅದಕ್ಕೇ ಅವಳು ಯಾವಾಗಲೂ ಮೊಣಕಾಲು ಮಡಚಿ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಆಯಿ ಕೋಲಿನಿಂದ ಗೋಡೆಗೆ ಕುಟ್ಟಿದರೆ ಸಾಕು, ಹಿತ್ತಲಲ್ಲಿದ್ದರೂ "ಬಂದ್ನೆಬೇ" ಎನ್ನುವಳು.

ಮಂಗಳವಾರ ಮತ್ತು ಶುಕ್ರವಾರ ಮಾತ್ರ ಪಕ್ಕದ ಮನೆಯ ಮುದುಕಿ ಬಂದು ಆಯಿಯ ಹತ್ತಿರ ಕೂರುತ್ತಿದ್ದಳು. ಆ ಎರಡು ದಿನ ಅತ್ತೆ ಬೆಳಗಾವಿಯ ದೊಡ್ಡ ದವಾಖಾನೆಗೆ ಹೋಗುವಳು. ರೋಗ ಅವಳದಲ್ಲ. ಕಾಡಿನ ಅಂಚಿನ ಹಳ್ಳಿಗಳಿಂದ ಬರುವ, ಶಹರವನ್ನೇ ಕಾಣದ ಹೆಂಗಸರನ್ನು ಕರೆದೊಯ್ಯುವುದು ಅವಳು ತಾನೇ ಹಚ್ಚಿಕೊಂಡ ಕೆಲಸ. ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಅವರು ಕಾಯುತ್ತಿದ್ದರು. ಕೇಸ್ ಪೇಪರು ಎಲ್ಲಿ ಮಾಡಿಸಬೇಕು, ಯಾವ ಸಾಲಿನಲ್ಲಿ ನಿಲ್ಲಬೇಕು, ಡಾಕ್ಟರು ಸಿಡುಕಿದರೆ ಏನು ಹೇಳಬೇಕು, ಎಲ್ಲ ಅತ್ತೆಗೆ ಗೊತ್ತು. ಒಬ್ಬಳೊಡನೆ ಕನ್ನಡ, ಇನ್ನೊಬ್ಬಳೊಡನೆ ಮರಾಠಿ. ಅವರು ನಾಚಿ ಬಾಯಿ ಬಿಡದ್ದನ್ನು ಇವಳು ಡಾಕ್ಟರಿಗೆ ಹೇಳುವಳು.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಔಷಧಿ ಕೊಡುವ ಕಂಪೌಂಡರು ಕಿಟಕಿಯಿಂದಲೇ ಛೇಡಿಸಿದರು. "ಬರ್ರಿ ಬಾಯಾರ, ಇವತ್ತ ಯಾರ ಹೊಟ್ಟಿಬ್ಯಾನಿ ತಂದೀರಿ?"

"ನಂದಂತೂ ಅಲ್ಲರಿ," ಎಂದಳು ಅತ್ತೆ. "ನಂದು ಮನ್ಯಾಗ ಬಿಟ್ಟ ಬಂದೀನಿ."

ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿಗೆ ಉಪಕಾರವಾಗುವಂತೆ ಬಾಳಿದ ಐದು ಜನರನ್ನು ಸನ್ಮಾನಿಸಬೇಕೆಂದು ಖಾನಾಪುರದ ಹಿರಿಯರು ನಿಶ್ಚಯಿಸಿದರು. ನಾಲ್ವರು ಗಂಡಸರು, ಐದನೆಯವಳು ಅತ್ತೆ. ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣು ಕಾಯಿ, ಮತ್ತು ಕಟ್ಟು ಹಾಕಿಸಿದ ಒಂದು ಮಾನಪತ್ರ. ನಾನು ಧಾರವಾಡದಲ್ಲಿ ಎಂ.ಎ. ಮೊದಲ ವರ್ಷ ಮುಗಿಸಿ ಬೇಸಿಗೆ ರಜೆಗೆ ಬಂದಿದ್ದೆ. ಸಮಾರಂಭದ ಹೊಣೆ ಹೊತ್ತಿದ್ದ ಅರಿವೆ ಅಂಗಡಿಯ ಸಾಹುಕಾರರು ಮನೆಗೇ ಬಂದರು.

"ನಿಮ್ಮತ್ತಿ ಮಾನಪತ್ರ ನೀವ ಬರೀರಿ. ಭಾಷಾ ಸ್ವಲ್ಪ ಭಾರಿ ಇರ್ಲಿ. ಮಂದಿ ಕಣ್ಣಾಗ ನೀರ ಬರಬೇಕ ನೋಡ್ರಿ."

ಬರೆದೆ. ತ್ಯಾಗ, ಕಾಯಕ, ದಾಸೋಹ, ಕರುಣೆ, ಇದ್ದ ಪದಗಳನ್ನೆಲ್ಲ ಸುರಿದೆ. ಅತ್ತೆಯನ್ನು ಒಂದು ಮಾತೂ ಕೇಳಲಿಲ್ಲ. ಕೊನೆಗೆ ಹೀಗೊಂದು ಸಾಲು: "ಯಾವ ಊರು ಕರೆದರೂ, ಯಾವ ಸುಖ ಕರೆದರೂ, ಖಾನಾಪುರದ ಈ ಹೊಸ್ತಿಲು ಬಿಟ್ಟು ಕದಲೆನೆಂದು ಪಣತೊಟ್ಟ ತಾಯಿ."

ಅಪ್ಪ ಕರಡು ಓದಿ, "ಊರು ಬಿಟ್ಟು ಹೋಗಂಗಿಲ್ಲ ಅನ್ನೂದು ಒಂದು ಬರಬೇಕಲ್ಲ" ಎಂದರೆಂದೂ, ಆಮೇಲೆ ನಾನು ಆ ಸಾಲು ಸೇರಿಸಿದೆನೆಂದೂ ನನ್ನ ನೆನಪು. ಅವ್ವ ಹೇಳುವುದೇ ಬೇರೆ: "ನಿಮ್ಮಪ್ಪ ಅದನ್ನ ಮುಟ್ಟಿಲ್ಲ. ನೀನ ಬರದಿ, ನೀನ ಓದಿದಿ, ನೀನ ಕಣ್ಣೀರ ಹಾಕಿದಿ." ನನ್ನ ಆಗಿನ ದಿನಚರಿಯ ಕೊನೆಯ ಪುಟಗಳಲ್ಲಿ ಆ ಕರಡು ಉಳಿದಿದೆ. ಬೇರೆ ಸಾಲುಗಳಲ್ಲಿ ಹೊಡೆದು ಹಾಕಿದ್ದಿದೆ, ತಿದ್ದಿದ್ದಿದೆ. ಆ ಸಾಲು ಒಂದೂ ಚಿತ್ತಿಲ್ಲದೆ, ಆಮೇಲೆ ಸೇರಿಸಿದಂತೆಯೂ ಕಾಣದೆ, ಒಂದೇ ಉಸಿರಿಗೆ ಇಳಿದಂತಿದೆ.

ಶಾಲೆಯ ಅಂಗಳದಲ್ಲಿ ಮಂಟಪ ಹಾಕಿದ್ದರು. ಸಂಜೆಯಾದರೂ ಸೆಕೆ. ಅತ್ತೆಗೆ ಶಾಲು ಹೊದಿಸಿದರು, ಮೇಲೆ ಹಾರ, ಮಡಿಲಲ್ಲಿ ತೆಂಗಿನಕಾಯಿ. ತೆಗೆದಿಡಲು ಜಾಗವಿರಲಿಲ್ಲ, ತೆಗೆಯುವುದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ. ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ಮಾನಪತ್ರವನ್ನು ಮೊದಲು ಕನ್ನಡದಲ್ಲಿ ನಾನು ಓದಿದೆ. ಆಮೇಲೆ ಅದನ್ನೇ ಮಾಸ್ತರರೊಬ್ಬರು ಮರಾಠಿಗೆ ತಂದು ಓದಿದರು. ಹೊಸ್ತಿಲಿನ ಸಾಲಿಗೆ ಎರಡು ಸಲವೂ ಚಪ್ಪಾಳೆ ಬಿತ್ತು. ಎರಡನೆಯ ಸಲ ಹೆಚ್ಚು. ಹಳ್ಳಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಹುಕಾರರು ಅಂದುಕೊಂಡಂತೆಯೇ ಆಯಿತು.

"ಅಕ್ಕಾವರ, ನೀವೂ ಒಂದೆರಡ ಮಾತ ಹೇಳ್ರಿ," ಎಂದರು ಅಧ್ಯಕ್ಷರು.

ಅತ್ತೆ ಎದ್ದು ನಿಂತಳು. "ಮನ್ಯಾಗ ಆಯಿ ಒಬ್ಬಾಕಿನ ಅದಾಳ್ರಿ. ನಾ ಹೋಗತೀನಿ."

ಅದಕ್ಕೂ ಜನ ನಕ್ಕು ಚಪ್ಪಾಳೆ ತಟ್ಟಿದರು.

ಇನ್ನು ಹಿತ್ತಲಿನ ಮಾತು. ಅದು ಸನ್ಮಾನಕ್ಕಿಂತ ಮೊದಲು ನಡೆಯಿತೋ ಆಮೇಲೋ ತಿಳಿಯದ್ದರಿಂದ, ದಿನಚರಿಯಲ್ಲೂ ಬರೆದಿಲ್ಲದ್ದರಿಂದ, ಇಲ್ಲಿ ಬರೆಯುತ್ತಿದ್ದೇನೆ. ಆ ರಜೆಯಲ್ಲೇ ಒಂದು ಮಧ್ಯಾಹ್ನ. ಅತ್ತೆ ಒಗೆದ ಬಟ್ಟೆ ಹಿಂಡುತ್ತಿದ್ದಳು, ನಾನು ಹರವುತ್ತಿದ್ದೆ. ಮನೆಯೊಳಗೆ ಆಯಿಗೆ ನಿದ್ದೆ ಹತ್ತಿತ್ತು. ಅತ್ತೆ ಕೈ ಒರೆಸಿಕೊಂಡು, ದವಾಖಾನೆಯ ಚೀಲದಿಂದ ಕೇಸ್ ಪೇಪರುಗಳ ನಡುವೆ ಮಡಚಿಟ್ಟಿದ್ದ ಒಂದು ಪತ್ರ ತೆಗೆದು ಕೊಟ್ಟಳು.

"ಬೆಳಗಾಂವ್ಯಾಗ, ಸದಾಶಿವನಗರದ ಕಡೆ, ಹೆಣ್ಣಹುಡುಗ್ಯಾರ ಬೋರ್ಡಿಂಗ್ ಐತಿ. ನೋಡಿಕೊಳ್ಳಾಕ ಒಬ್ಬಾಕಿ ಬೇಕಂತ. ಮುಲ್ಕಿ ಪಾಸಾದ್ರ ಸಾಕಂತ. ಬಾ ಅಂದಾರ."

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಅವಳು ಮದುವೆಗೆ ಮೊದಲೇ ಪಾಸಾಗಿದ್ದಳು. ಆ ಸರ್ಟಿಫಿಕೇಟು ಇನ್ನೂ ಅವಳ ಟ್ರಂಕಿನಲ್ಲಿತ್ತು.

"ಇರಾಕ ಒಂದು ಖೋಲಿ ಕೊಡತಾರ. ನೋಡಿ ಬಂದೀನಿ. ಸಣ್ಣದು, ಖರೇ ಒಂದು ಕಿಡಕಿ ಐತಿ. ಕೀಲಿ ನನ್ನ ಕಡೇನ ಇರತೈತಿ. ಕಾಲ ಚಾಚಿ ಮಲಗಬಹುದವಾ, ಯಾರೂ ದಾಟಂಗಿಲ್ಲ."

"ದವಾಖಾನಿ ಮಂದಿ?" ಎಂದೆ.

"ದವಾಖಾನಿ ಅಲ್ಲೇ ಐತೆಲ್ಲ, ಖೋಡಿ! ನೀವು ಬಸ್ ಇಳೀರಿ, ನಾ ನಿಂತಿರತೀನಿ ಅಂತ ಅವರಿಗೆ ಹೇಳೂದು. ಸಾಲಿ ಸುರು ಆಗೂಕಿಂತ ಮೊದಲ ಅಣ್ಣಗ ನಾನ ಹೇಳತೀನಿ. ನೀ ಬಾಯಿ ಬಿಡಬ್ಯಾಡ."

"ಆಯಿನ್ನ ಯಾರ ನೋಡತಾರ?"

ಈ ಪ್ರಶ್ನೆ ನಾನು ಕೇಳಿದ್ದು ಮಾತ್ರ ನಿಶ್ಚಯ. ಅತ್ತೆ ನನ್ನ ಮುಖ ನೋಡಿದಳು, ಪತ್ರ ಮಡಚಿದಳು. ನಾನು ಅಷ್ಟರಲ್ಲೇ ಲೆಕ್ಕ ಹಾಕಿಬಿಟ್ಟಿದ್ದೆ. ಅಪ್ಪನಿಗೆ ಕಚೇರಿ, ಅವ್ವನಿಗೆ ಪಾರಿಶ್ವಾಡ. ಉಳಿದವಳು ನಾನು. ಎಂ.ಎ.ಗೆ ಇನ್ನೊಂದು ವರ್ಷವಿತ್ತು.

ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಾನು ಹಗ್ಗದ ಕಡೆ ತಿರುಗಿದೆ. ನೆನಪು ಅಲ್ಲಿಯೇ ಎರಡಾಗುತ್ತದೆ. ಒಂದರಲ್ಲಿ ಶಾಲು ಪಕ್ಕಕ್ಕೆ ಸರಿಸಿ ಬಟ್ಟೆ ಹಾಕುತ್ತೇನೆ. ಇನ್ನೊಂದರಲ್ಲಿ ಸರಿಸಲು ಏನೂ ಇಲ್ಲ.

ಜೂನ್ ಹತ್ತಿರವಾದಾಗ ಅತ್ತೆ ಅಪ್ಪನಿಗೆ ಹೇಳಿದಳು. ಪಡಸಾಲೆಯಲ್ಲಿ ನಾವೆಲ್ಲ ಇದ್ದೆವು. ಅಷ್ಟರಲ್ಲಿ ಅಪ್ಪ ತಾವೇ ಮೊಳೆ ಹೊಡೆದು ಮಾನಪತ್ರವನ್ನು ಬಾಗಿಲಿಗೆ ಎದುರಾಗಿ ತೂಗುಹಾಕಿದ್ದರು. ಅಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅತ್ತೆ ಹೋಗುತ್ತಿದ್ದಳೇನೋ. ಗೋಡೆಯ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದರು:

"ನಾಕ ಮಂದ್ಯಾಗ ಓದ್ಯಾರ. ಇನ್ನ ಹ್ಯಾಂಗ ಹೋಗತೀ? ನಾಳೆ ನಾವು ಮಾರಿ ಎಲ್ಲಿ ಇಡೂಣು?"

"ನಾ ಎಲ್ಲಿ ಅಂದೀನಿ ಅಣ್ಣಾ? ಅವರು ಓದಿದ್ರು, ನಾ ಕೇಳಿದ್ನಿ."

"ಕೇಳಿ ಸುಮ್ಮ ಕುಂತಿ. ಒಪ್ಪಿದಂಗ ಆತಲ್ಲ."

ಅಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲೂ ಹಳ್ಳಿಯ ಒಬ್ಬಳು ಅವಳ ಕೈ ಹಿಡಿದು, "ನೀವು ಎಲ್ಲೂ ಹೋಗಂಗಿಲ್ಲಂತಲ್ರಿ ಅಕ್ಕಾ, ಜೀವ ಬಂತ ನೋಡ್ರಿ" ಎಂದಿದ್ದಳಂತೆ. ಅತ್ತೆ ಅದನ್ನೂ ಹೇಳಿದಳು. ಯಾರ ಪರವಾಗಿ ಹೇಳಿದಳೋ ತಿಳಿಯಲಿಲ್ಲ. ಎಲ್ಲರೂ ಮಾನಪತ್ರ ನೋಡುತ್ತಿದ್ದರು. ನನ್ನ ಕಡೆ ಯಾರೂ ನೋಡಲಿಲ್ಲ. ಆ ಸಾಲು ನನ್ನದು, ಅತ್ತೆಯದಲ್ಲ ಎಂದು ನಾನು ಹೇಳಬಹುದಿತ್ತು. ಒಂದೇ ಮಾತು. ಬಾಯಿ ತೆರೆದೆನೆಂದೂ ನೆನಪಿದೆ; ಆದರೆ ಈ ನೆನಪನ್ನು ನಾನು ನಂಬುವುದಿಲ್ಲ, ಅದು ನನಗೆ ಬಹಳ ಅನುಕೂಲದ್ದು. ಅಷ್ಟರಲ್ಲಿ ಆಯಿ ಗೋಡೆಗೆ ಕೋಲು ಕುಟ್ಟಿದಳು.

"ಬಂದ್ನೆಬೇ," ಎಂದು ಅತ್ತೆ ಒಳಗೆ ಹೋದಳು.

ನಾನು ಧಾರವಾಡಕ್ಕೆ ಹೋದೆ, ಎಂ.ಎ. ಮುಗಿಸಿದೆ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಸದಾಶಿವನಗರದಲ್ಲಿಯೇ ಬಾಡಿಗೆಗೆ ಮನೆ ಹಿಡಿದೆ. ಕಾಲೇಜಿಗೆ ಹೋಗುವ ದಾರಿಯಲ್ಲಿ ಆ ಬೋರ್ಡಿಂಗ್ ಇತ್ತು. ರಸ್ತೆಯ ಕಡೆಗೆ ಮೂರು ಕಿಟಕಿಗಳು. ಅವಳ ಖೋಲಿ ಯಾವುದಾಗಬೇಕಿತ್ತು ಎಂದು ನಾನು ಕೇಳಿರಲಿಲ್ಲ. ಕೆಲವು ದಿನಗಳ ನಂತರ ಬೇರೆ ಬೀದಿಯಿಂದ ಹೋಗತೊಡಗಿದೆ, ಅದು ದೂರದ ದಾರಿಯಾದರೂ.

ರಜೆಗೆ ಊರಿಗೆ ಹೋದಾಗ ನೋಡಿದರೆ, ಅತ್ತೆ ತನ್ನ ದವಾಖಾನೆಯ ಚೀಲವನ್ನು ಮಾನಪತ್ರದ ಮೊಳೆಗೇ ತೂಗುಹಾಕುತ್ತಿದ್ದಳು. ಚೀಲ ಅರ್ಧ ಗಾಜನ್ನು ಮುಚ್ಚುತ್ತಿತ್ತು. ಅಪ್ಪ ತೆಗೆದಿಡುವರು, ಅವಳು ಮತ್ತೆ ಹಾಕುವಳು. ಶಾಲು ಮಾತ್ರ ಉಪಯೋಗಕ್ಕೆ ಬಂತು. ಚಳಿಗಾಲದ ಬೆಳಗಿನ ಬಸ್ಸಿನಲ್ಲಿ ಬಾಣಂತಿಯರಿಗೆ, ಜ್ವರದವರಿಗೆ ಹೊದಿಸಿ ಹೊದಿಸಿ ಅದರ ಹಸಿರು ಅಂಚು ಬಿಳಿಚಿತು.

ಎಂಬತ್ತರ ದಶಕದ ನಡುವೆ ಆಯಿ ತೀರಿಕೊಂಡಳು. ತಿಂಗಳಾದ ಮೇಲೆ ಅತ್ತೆಯನ್ನು ಕರೆದೆ. "ನನ್ನ ಮನ್ಯಾಗ ಎರಡು ಖೋಲಿ ಅದಾವ. ಒಂದು ನಿನಗ. ಕೀಲಿನೂ ಕೊಡತೀನಿ, ಬಾ."

"ಅದು ನಿನ್ನ ಮನಿಯವಾ," ಎಂದಳು. ಅಷ್ಟೇ.

ಮಂಚ ಹೊರಗೆ ಹೋಗಿತ್ತು. ಚಾಪೆ ಅಲ್ಲಿಯೇ ಇತ್ತು. ಅಷ್ಟು ಜಾಗವಿದ್ದರೂ ಅವಳು ಕಾಲು ಮಡಚಿಯೇ ಮಲಗುತ್ತಿದ್ದಳು.

ಮುಂದಿನ ವರ್ಷ ಒಂದು ಮಂಗಳವಾರ ಕಾಲೇಜಿಗೆ ರಜೆ ಹಾಕಿ ದವಾಖಾನೆಗೆ ಹೋದೆ. ಅವಳು ಮನೆಯಲ್ಲಿ ಸಿಗುವುದಿಲ್ಲ, ಇಲ್ಲಿ ಸಿಗುತ್ತಾಳೆಂದು ಗೊತ್ತಿತ್ತು. ಉದ್ದನೆಯ ಕಟ್ಟೆಯ ಮೇಲೆ, ಬಸುರಿಯೊಬ್ಬಳೊಡನೆ ಮರಾಠಿಯಲ್ಲಿ ಮಾತಾಡುತ್ತ ಕೂತಿದ್ದಳು. ಶಾಲು ಆ ಬಸುರಿಯ ಹೆಗಲ ಮೇಲಿತ್ತು. ನನ್ನನ್ನು ಕಂಡು, "ಯಾಕವಾ, ಆರಾಮಿಲ್ಲೇನ? ಕೇಸ್ ಪೇಪರ ಮಾಡಸಲೇನ?" ಎಂದು ಏಳಲು ಹೋದಳು. ಕೂಡಿಸಿದೆ. ಬಸುರಿಗೆ ಕನ್ನಡ ತಿಳಿಯದೆಂದು ಧೈರ್ಯವಾಯಿತು. ವರ್ಷಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. ಅತ್ತೆ ನನ್ನ ಮುಖ ನೋಡಿದಳು, ಹಿತ್ತಲಲ್ಲಿ ನೋಡಿದಂತೆಯೇ. ಒಳಗಿನಿಂದ ನಂಬರು ಕೂಗಿದರು. ಬಸುರಿಯ ಮೊಣಕೈ ಹಿಡಿದು ಎಬ್ಬಿಸಿ, ಜಾರುತ್ತಿದ್ದ ಶಾಲು ಸರಿಮಾಡಿ, ಅವಳನ್ನು ಕರೆದುಕೊಂಡು ಬಾಗಿಲ ಒಳಗೆ ಹೋದಳು. ಹೊರಗೆ ಬಂದ ಮೇಲೆ ಔಷಧಿಯ ಸಾಲು, ಆಮೇಲೆ ಬಸ್ಸು. ಆ ಮೇಲೆಯೂ ಎಷ್ಟೋ ಸಲ ಭೇಟಿಯಾಗಿದ್ದೇವೆ. ನಾನು ಇನ್ನೊಮ್ಮೆ ಕೇಳಿಲ್ಲ, ಅವಳು ಹೇಳಿಲ್ಲ. ಆ ದಿನದ ದಿನಚರಿಯಲ್ಲಿ ಬೇರೇನೂ ಬರೆದಿಲ್ಲ, ಕೇಳಿದ್ದಷ್ಟೇ ಇದೆ:

"ಅತ್ತೀ, ಖೋಲಿ ಸುದ್ದಿ ನೀ ನನಗ ಹೇಳಿದ್ದು ಸನ್ಮಾನದ ಮೊದಲೋ, ಆಮ್ಯಾಲೋ?"